ಕೋಡ್ ಬಂತು ಅಂತ ಸೆನ್ಸರ್ ಬದಲಿಸಬೇಡಿ

ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ ಎಂದು ಗ್ಯಾರೇಜಿಗೆ ಬರುವವರಲ್ಲಿ ಎಷ್ಟೋ ಜನ ಆಗಲೇ ಚಕ್ರದ ವೇಗ ಅಳೆಯುವ ಸೆನ್ಸರ್ ಹೊಸದು ಹಾಕಿಸಿರುತ್ತಾರೆ. 'ಸ್ಕ್ಯಾನರ್‌ನಲ್ಲಿ ಮುಂದಿನ ಎಡ ಚಕ್ರದ ಸೆನ್ಸರ್ ಅಂತಲೇ ಬಂತಲ್ಲ ಸಾರ್' ಎನ್ನುತ್ತಾರೆ. ಕೋಡ್ ಅಂದರೆ ಎಬಿಎಸ್ ನಡೆಸುವ ಕಂಪ್ಯೂಟರ್ (ಕಂಟ್ರೋಲ್ ಯೂನಿಟ್) ಬರೆದಿಡುವ, ಸ್ಕ್ಯಾನರ್ ಓದುವ ದೋಷದ ಗುರುತು.

ಕಂಟ್ರೋಲ್ ಯೂನಿಟ್‌ಗೆ ಗೊತ್ತಾಗುವುದು ಇಷ್ಟೇ: ಆ ಚಕ್ರದಿಂದ ಸಿಗ್ನಲ್ ಬರಲಿಲ್ಲ, ಅಥವಾ ಬಂದದ್ದು ಉಳಿದ ಮೂರು ಚಕ್ರಗಳ ಜೊತೆ ತಾಳೆಯಾಗಲಿಲ್ಲ. ಯಾಕೆ ಅನ್ನುವುದು ಅದಕ್ಕೂ ಗೊತ್ತಿಲ್ಲ. ಸೆನ್ಸರ್ರೇ ಕೆಟ್ಟಿರಬಹುದು. ಕನೆಕ್ಟರ್‌ಗೆ ನೀರು ಹೋಗಿ ಪಿನ್ ಹಸಿರುಗಟ್ಟಿರಬಹುದು. ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ರಿಂಗ್ ಬಿರುಕು ಬಿಟ್ಟಿರಬಹುದು, ಬೇರಿಂಗ್ ಸಡಿಲವಾಗಿರಬಹುದು. ಇಷ್ಟಕ್ಕೂ ಅದೇ ಚಕ್ರದ ಹೆಸರು ಬರುತ್ತದೆ. ಕೋಡ್ ಯಾವ ಮೂಲೆಯಲ್ಲಿ ಹುಡುಕಬೇಕು ಎಂದು ಹೇಳುತ್ತದೆ, ಏನನ್ನು ಬದಲಿಸಬೇಕು ಎಂದಲ್ಲ.

ಒಬ್ಬರು ಎರಡು ಸಲ ಸೆನ್ಸರ್ ಹಾಕಿಸಿ ಬಂದಿದ್ದರು. ಲೈಟ್ ಯಾವಾಗ ಹತ್ತುತ್ತದೆ ಎಂದರೆ 'ಯಾವಾಗಂದ್ರೆ ಆವಾಗ' ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ, 'ಪೂರ್ತಿ ಬಲಕ್ಕೆ ತಿರುಗಿಸಿದಾಗಲೇ ಜಾಸ್ತಿ' ಎಂದರು. ನನಗೆ ಬೇಕಿದ್ದದ್ದು ಅದೇ ಮಾತು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಕನೆಕ್ಟರ್‌ನಿಂದ ಆಚೆಗೆ ಗಾಡಿಯ ಕಡೆಗಿರುವ ವೈರನ್ನು ಕ್ಲಿಪ್ ಹತ್ತಿರ ಮೆಲ್ಲಗೆ ಎಳೆದೆ. ಒಂದು ಕಡೆ ರಬ್ಬರ್ ಥರ ಹಿಗ್ಗಿತು. ಮೇಲಿನ ಕವರ್‌ಗೆ ಏನೂ ಆಗಿರಲಿಲ್ಲ, ಒಳಗಿನ ತಾಮ್ರ ತುಂಡಾಗಿತ್ತು. ಹೊಸ ಸೆನ್ಸರ್ ಹಾಕಿದರೂ ಈ ವೈರ್ ಹಳೆಯದೇ ಅಲ್ವಾ?

ಲೈಟೇ ಹತ್ತದ ತೊಂದರೆಯೂ ಉಂಟು. ಒಣ ರಸ್ತೆಯಲ್ಲಿ ಮೆಲ್ಲಗೆ ನಿಲ್ಲಿಸುವಾಗ, ಸುಮಾರು 10 ಕಿ.ಮೀ. ವೇಗಕ್ಕೆ ಇಳಿದಾಗ, ಪೆಡಲ್ ಗರಗರ ಎಂದು ನಡುಗುತ್ತದೆ. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಬೆಳೆದು ಅದನ್ನು ರಿಂಗ್‌ನಿಂದ ದೂರ ತಳ್ಳಿದರೆ ಹೀಗಾಗಬಹುದು. ನಿಧಾನ ವೇಗದಲ್ಲಿ ಸಿಗ್ನಲ್ ಸಾಲದೆ, ಚಕ್ರ ಲಾಕ್ ಆಯಿತೆಂದು ಯೂನಿಟ್ ತಿಳಿಯುತ್ತದೆ. ನಾಲ್ಕೂ ಚಕ್ರಗಳ ವೇಗವನ್ನು ಗ್ರಾಫ್‌ನಲ್ಲಿಟ್ಟು ಗಾಡಿ ಓಡಿಸಿದರೆ ಮೂರು ಗೆರೆ ಮೆಲ್ಲಗೆ ಇಳಿಯುತ್ತವೆ, ಒಂದು ಧೊಪ್ಪೆಂದು ಸೊನ್ನೆಗೆ ಬೀಳುತ್ತದೆ. ತುಕ್ಕು ಕೆರೆದು ಸೆನ್ಸರ್ ಸರಿಯಾಗಿ ಕೂರಿಸಿದರೆ ಎಷ್ಟೋ ಸಲ ಅಷ್ಟೇ ಸಾಕು. ಎಲ್ಲ ಗಾಡಿಗೂ ಇದೇ ಮದ್ದು ಎಂದು ನಾನು ಹೇಳಲಾರೆ.

ಎಬಿಎಸ್ ಲೈಟ್ ಮಾತ್ರ ಹತ್ತಿದ್ದರೆ ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಆದರೆ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಬಹುದು. ಜೊತೆಗೆ ಕೆಂಪು ಬ್ರೇಕ್ ಲೈಟೂ ಹತ್ತಿದರೆ ಓಡಿಸಲೇಬೇಡಿ.

ದಯವಿಟ್ಟು ಬರುವ ಮುಂಚೆ ಕೋಡ್ ಅಳಿಸಬೇಡಿ. ಬ್ಯಾಟರಿ ಬಿಚ್ಚಿ ಸುಮ್ನೆ ನೋಡೋಣ ಅಂತಲೂ ಬೇಡ. ಲೈಟ್ ಹತ್ತಿದಾಗ ವೇಗ ಎಷ್ಟಿತ್ತು, ಯಾವ ಕಡೆ ತಿರುಗಿಸುತ್ತಿದ್ದಿರಿ, ಮಳೆ ಇತ್ತಾ, ಹಳ್ಳಕ್ಕೆ ಬಿದ್ದಿತ್ತಾ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ.