ದಂಡ ಬೀಳುವ ಮುಂಚಿನ ಲೆಕ್ಕ

ನಾಲ್ವರಿಗೆ ತಲಾ 20 ಅಂಕ ಕೊಡಿ. ಎಷ್ಟನ್ನು ತಾವು ಇಟ್ಟುಕೊಳ್ಳಬೇಕು, ಎಷ್ಟನ್ನು ಸಾಮೂಹಿಕ ನಿಧಿಗೆ ಹಾಕಬೇಕು ಎಂಬುದು ಅವರವರ ಇಷ್ಟ. ನಿಧಿಗೆ ಬಿದ್ದ ಪ್ರತಿ ಅಂಕಕ್ಕೂ ನಾಲ್ವರಿಗೂ ತಲಾ 0.4 ಸಿಗುತ್ತದೆ, ಏನೂ ಹಾಕದವರಿಗೂ. ಎಲ್ಲರೂ ಪೂರ್ತಿ ಹಾಕಿದರೆ ಒಬ್ಬೊಬ್ಬರಿಗೆ 32. ಮೂವರು ಹಾಕಿ ಒಬ್ಬ ಕೈಕಟ್ಟಿ ಕೂತರೆ ಆ ಮೂವರಿಗೆ 24, ಕೂತವನಿಗೆ 44. ಹಾಗಾಗಿ ಈ ಆಟವನ್ನು ಮತ್ತೆ ಮತ್ತೆ ಆಡಿಸಿದರೆ, ಸುತ್ತುಗಳು ಕಳೆದಂತೆ ನಿಧಿ ಸೊರಗುತ್ತದೆ.

ಅರ್ಥಶಾಸ್ತ್ರಜ್ಞರಾದ ಅರ್ನ್ಸ್ಟ್ ಫೆಹ್ರ್ ಮತ್ತು ಸೈಮನ್ ಗೆಖ್ಟರ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಆಟಕ್ಕೆ ಇನ್ನೊಂದು ಹಂತವಿತ್ತು. ಯಾರು ಎಷ್ಟು ಹಾಕಿದರೆಂದು ನೋಡಿದ ಮೇಲೆ, ತನ್ನ 1 ಅಂಕ ಖರ್ಚು ಮಾಡಿ ಇನ್ನೊಬ್ಬರ 3 ಅಂಕ ಕಡಿತ ಮಾಡಬಹುದು. ಪ್ರತಿ ಸುತ್ತಿಗೂ ಗುಂಪು ಬದಲಾಗುತ್ತಿತ್ತು, ಆದ್ದರಿಂದ ದಂಡಿಸಿದವರಿಗೆ ಮುಂದೆ ಯಾವ ಲಾಭವೂ ಇರಲಿಲ್ಲ. ಆದರೂ ದಂಡಿಸಿದರು. ಅದಕ್ಕಿಂತ ಮುಖ್ಯವಾದದ್ದು ಇನ್ನೂ ಮುಂಚೆ ನಡೆದಿತ್ತು: ದಂಡಕ್ಕೆ ಅವಕಾಶ ಸಿಕ್ಕ ಮೊದಲ ಸುತ್ತಿನಲ್ಲೇ, ಯಾರ ಅಂಕವೂ ಕಡಿತವಾಗುವ ಮೊದಲೇ, ನಿಧಿಗೆ ಬೀಳುವ ಪಾಲು ಏರಿತು. ಕೆಲಸ ಮಾಡಿದ್ದು, ಬೇರೆಯವರು ಸಿಟ್ಟಾಗಿ ದಂಡಿಸಿಯಾರು ಎಂಬ ಬರೀ ಅಂದಾಜು.

ಆ ಅಂದಾಜು ಎಷ್ಟು ಸರಿ? ಭಾಗವಹಿಸಿದವರನ್ನು ಎರಡು ರೀತಿ ಕೇಳಲಾಯಿತು. ಹಾಕದೆ ಉಳಿದವನನ್ನು ಕಂಡರೆ ನಿಮಗೆಷ್ಟು ಸಿಟ್ಟು? ಹಾಕದವರು ನೀವೇ ಆಗಿದ್ದರೆ ಬೇರೆಯವರಿಗೆಷ್ಟು ಸಿಟ್ಟು ಬಂದೀತು? ಎರಡನೆಯದಕ್ಕೆ ಕೊಟ್ಟ ಉತ್ತರಗಳಲ್ಲೇ ಸಿಟ್ಟಿನ ಅಳತೆ ಹೆಚ್ಚಿತ್ತು. ಎದುರಿನವರ ಸಿಟ್ಟನ್ನು ನಾವು ತುಸು ಹಿಗ್ಗಿಸಿಯೇ ನೋಡುತ್ತೇವೆ.

ಬಹುಮಾನದ ಲೆಕ್ಕ ಬೇರೆ. ದಂಡದ ಭಯ ಫಲಿಸಿದರೆ ದಂಡಿಸುವ ಖರ್ಚೇ ಬರುವುದಿಲ್ಲ. ಬಹುಮಾನದ ಆಸೆ ಫಲಿಸಿದರೆ ಪ್ರತಿ ಸಲವೂ ಕೊಡಲೇಬೇಕು. ಕೊಡದಿದ್ದರೆ ಏನಾಗುತ್ತದೆ ಎಂಬುದರ ಸುಳಿವು ಕೋತಿಗಳ ಮಿದುಳಿನಲ್ಲಿದೆ. ಹಣ್ಣಿನ ರಸ ಬರುವುದನ್ನು ಮೊದಲೇ ತಿಳಿಸುವ ದೀಪ ಹೊತ್ತಿದೊಡನೆ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳು ಚುರುಕಾಗುತ್ತವೆ. ರಸ ಬಾರದಿದ್ದರೆ, ಬರಬೇಕಿದ್ದ ಆ ಗಳಿಗೆಯಲ್ಲೇ ಅವುಗಳ ಮಿಡಿತ ಎಂದಿನ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ನಿರೀಕ್ಷಿಸಿದ ಮೆಚ್ಚುಗೆ ಸಿಗದಾಗ ಅದು ನಷ್ಟದಂತೆಯೇ ಚುಚ್ಚುವುದಕ್ಕೆ ಇದೇ ಬಗೆಯ ಲೆಕ್ಕಾಚಾರ ಕಾರಣವಿರಬಹುದು.

ಅಂದಾಜಿನ ಜಾಗದಲ್ಲಿ ನಿಖರ ಅಂಕಿ ಇಟ್ಟಾಗಲೂ ಎಡವಟ್ಟಾಗುತ್ತದೆ. ಇಸ್ರೇಲಿನ ಹೈಫಾದ 10 ಶಿಶುಪಾಲನಾ ಕೇಂದ್ರಗಳಲ್ಲಿ ನಡೆದ, 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ 6 ಕೇಂದ್ರಗಳು ಸಣ್ಣ ದಂಡ ಹಾಕಿದವು. ತಡವಾಗಿ ಬರುವವರು ಹೆಚ್ಚಾದರು. ಅದುವರೆಗೆ ಶಿಕ್ಷಕಿಯ ಬೇಸರ ಎಷ್ಟಿರಬಹುದೆಂದು ಅಳುಕುತ್ತಿದ್ದ ಪೋಷಕರಿಗೆ ಈಗ ತಡಕ್ಕೊಂದು ಬೆಲೆ ಸಿಕ್ಕಿತ್ತು, ಅದೂ ಅಗ್ಗದ್ದು. ಕೆಲವು ವಾರಗಳ ನಂತರ ದಂಡ ತೆಗೆದರೂ ತಡ ಮಾಡುವವರು ಕಡಿಮೆಯಾಗಲಿಲ್ಲ.