ಪಾಸ್‌ವರ್ಡ್ ಸರಿ, ಡೆಸ್ಕ್‌ಟಾಪ್ ಮಾತ್ರ ಬರ್ತಿಲ್ಲ

ತುಮಕೂರಿನಿಂದ ಗುಬ್ಬಿ ಬಸ್ ಹತ್ತಿದ್ದೆ. ಕ್ಯಾತ್ಸಂದ್ರದ ರೂಮಿನಿಂದ ಗೆಳೆಯನ ಫೋನ್. "ಮಗಾ, ಪಾಸ್‌ವರ್ಡ್ ಹೊಡೀತೀನಿ, ಸ್ಕ್ರೀನ್ ಕಪ್ಪಾಗಿ ಮತ್ತೆ ಪಾಸ್‌ವರ್ಡೇ ಕೇಳುತ್ತೆ. ಫಾರ್ಮ್ಯಾಟ್ ಮಾಡ್ಬಿಡ್ಲಾ?" ಮಾರನೇ ದಿನ ಅವನ ಪ್ರಾಜೆಕ್ಟ್ ಡೆಮೊ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಂ. ಮುಟ್ಟಬೇಡ ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕಮಾಂಡ್‌ಗಳೂ ಫೋನಿನಲ್ಲಿ ಹೇಳಿದ ಹಾಗೇ ಇವೆ.

ಮೊದಲು ಎಲ್ಲಿ ನಿಂತಿದೆ ನೋಡಿ. ಲಿನಕ್ಸಿನ ತಿರುಳಾದ ಕರ್ನಲ್ ಏಳುತ್ತದೆ, ಆಮೇಲೆ ಉಳಿದ ಸೇವೆಗಳನ್ನು ಶುರುಮಾಡುವ ಸಿಸ್ಟಂಡಿ, ಅದು ಲಾಗಿನ್ ಪರದೆ ತೋರಿಸುವ ಡಿಸ್‌ಪ್ಲೇ ಮ್ಯಾನೇಜರನ್ನು ಎಬ್ಬಿಸುತ್ತದೆ. ಮಿಂಟ್‌ನಲ್ಲಿ ಅದು ಲೈಟ್‌ಡಿಎಂ. ಪಾಸ್‌ವರ್ಡ್ ಕೇಳುವುದು ಅದೇ. ಡೆಸ್ಕ್‌ಟಾಪ್ ಬರುವುದು ಎಲ್ಲಕ್ಕಿಂತ ಕೊನೆಗೆ. ಪಾಸ್‌ವರ್ಡ್ ತಪ್ಪಿದ್ದರೆ ತಪ್ಪು ಅಂತ ಹೇಳುತ್ತಿತ್ತು, ಅಲ್ವಾ? ಏನೂ ಹೇಳದೆ ವಾಪಸ್ ಕಳಿಸಿದರೆ, ಸೆಷನ್, ಅಂದರೆ ಲಾಗಿನ್ ಆದಮೇಲೆ ತೆರೆಯುವ ನಿಮ್ಮ ಡೆಸ್ಕ್‌ಟಾಪ್, ಶುರುವಾದ ಕೂಡಲೇ ಸತ್ತಿದೆ ಅಂತ ಅರ್ಥ. ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನ ಆಮೇಲೆ.

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯಲ್ಲಿ ಲಾಗಿನ್ ಕೇಳುತ್ತದೆ. ಇಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದರೆ ಚುಕ್ಕಿಯೂ ಕಾಣಲ್ಲ. ಕೀಬೋರ್ಡೂ ಹೋಯ್ತು ಅಂತ ಇವನು ಎರಡು ನಿಮಿಷ ಗೋಳಾಡಿದ.

ಒಳಗೆ ಹೋದ ಮೇಲೆ ಡಿಎಫ್, ಸ್ಪೇಸ್, ಮೈನಸ್ ಎಚ್. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ಸಿಸ್ಟಂ ಇರುವ ಡಿಸ್ಕಿನ ಭಾಗ, ಅಂದರೆ ರೂಟ್ ಪಾರ್ಟಿಷನ್ ಎದುರು 100%. ಕಳ್ಳ ಸಿಕ್ಕಿದ.

ಡಿಸ್ಕ್ ತುಂಬಿದರೆ ಲಾಗಿನ್ ಯಾಕೆ ಆಗಲ್ಲ? ಲಾಗಿನ್ ಆಗುವಾಗ ನಿಮ್ಮ ಹೋಮ್ ಫೋಲ್ಡರಿನಲ್ಲಿ ಡಾಟ್ ಎಕ್ಸ್‌ಅಥಾರಿಟಿ ಅನ್ನೋ ಪುಟ್ಟ ಫೈಲ್ ಬರೆಯಬೇಕು. ಜಾಗ ಇಲ್ಲ, ಬರೆಯಲಾಗಲ್ಲ, ಸೆಷನ್ ಬೀಳುತ್ತದೆ. ಹಾಗಾದ್ರೆ ಸಿಸ್ಟಂ ಇಲ್ಲಿವರೆಗೆ ಎದ್ದಿದ್ದು ಹೇಗೆ? ಡಿಸ್ಕಿನಲ್ಲಿ ಫೈಲ್‌ಗಳನ್ನು ಇಡುವ ವ್ಯವಸ್ಥೆಯಾದ ಇಎಕ್ಸ್‌ಟಿ4 ಸಾಮಾನ್ಯವಾಗಿ 5% ಜಾಗವನ್ನು ರೂಟ್‌ಗೆ, ಅಂದರೆ ಸಿಸ್ಟಂನ ಅಡ್ಮಿನ್ ಖಾತೆಗೆ, ಅಂತ ತೆಗೆದಿಟ್ಟಿರುತ್ತದೆ. ನಮಗೆ ತುಂಬಿದ ಡಿಸ್ಕ್, ರೂಟ್‌ಗೆ ಇನ್ನೂ ತುಂಬಿರಲ್ಲ. ನನಗಂತೂ ಇದು ಗೊತ್ತಾದ ಮೇಲೇ ಇಡೀ ಆಟ ಅರ್ಥವಾಗಿದ್ದು.

ಸುಡೊ ಆಪ್ಟ್ ಕ್ಲೀನ್ ಹೊಡೆಸಿದೆ (ಸುಡೊ ಅಂದ್ರೆ ರೂಟ್ ಅಧಿಕಾರದಲ್ಲಿ ಓಡಿಸು ಅಂತ; ಉಳಿದದ್ದು ಡೌನ್‌ಲೋಡ್ ಆದ ಇನ್‌ಸ್ಟಾಲ್ ಫೈಲ್‌ಗಳನ್ನು ಅಳಿಸುತ್ತದೆ), ಸ್ವಲ್ಪ ಜಾಗ ಬಂತು. ನಿಜವಾಗಿ ಜಾಗ ತಿಂದಿದ್ದು ಸಿಸ್ಟಂನ ಬ್ಯಾಕಪ್ (ಸ್ನ್ಯಾಪ್‌ಶಾಟ್) ತೆಗೆದಿಡುವ ಟೈಮ್‌ಶಿಫ್ಟ್. ಸ್ನ್ಯಾಪ್‌ಶಾಟ್‌ಗಳನ್ನು ಅದೇ ಪಾರ್ಟಿಷನ್ನಿಗೆ ಹಾಕಿಸಿ ಮರೆತಿದ್ದ. ಸುಡೊ ಟೈಮ್‌ಶಿಫ್ಟ್, ಎರಡು ಮೈನಸ್, ಡಿಲೀಟ್. ಪಟ್ಟಿ ಬರುತ್ತದೆ, ಹಳೆಯದರ ನಂಬರ್ ಕೊಟ್ಟರಾಯ್ತು. ರೀಬೂಟ್ ಮಾಡಿದ, ಡೆಸ್ಕ್‌ಟಾಪ್ ಬಂತು. ಥ್ಯಾಂಕ್ಸ್ ಕೂಡ ಹೇಳದೆ ಫೋನ್ ಇಟ್ಟ. ತಟ್ಟೆ ಇಡ್ಲಿ ಬಾಕಿ ಇದೆ.

ಜಾಗ ಇದ್ದೂ ಹೀಗೇ ಆದರೆ ಎಲ್‌ಎಸ್ ಮೈನಸ್ ಎಲ್‌ಎ ಹೊಡೆದು ಅದೇ ಎಕ್ಸ್‌ಅಥಾರಿಟಿ ಯಾರ ಹೆಸರಲ್ಲಿದೆ ನೋಡಿ. ಯಾವತ್ತೋ ಸುಡೊ ಹಾಕಿ, ಡೆಸ್ಕ್‌ಟಾಪನ್ನು ಕೈಯಾರೆ ಶುರುಮಾಡುವ ಸ್ಟಾರ್ಟ್‌ಎಕ್ಸ್ ಓಡಿಸಿದ್ದರೆ ರೂಟ್ ಹೆಸರಿಗೆ ಹೋಗಿರಬಹುದು. ಸುಡೊ ಹಾಕಿ ಅಳಿಸಿ; ಮುಂದಿನ ಲಾಗಿನ್‌ನಲ್ಲಿ ಹೊಸದು ಹುಟ್ಟುತ್ತದೆ.

ಪಾಸ್‌ವರ್ಡ್ ಕೇಳುವ ಪರದೆಯೇ ಬರದಿದ್ದರೆ ಆಗ ಡ್ರೈವರ್ ನೋಡಿ. ಲಿನಕ್ಸ್ ಏಳುವ ಮುಂಚೆ ಬರುವ ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ತುದಿಗೆ ನೋಮೋಡ್‌ಸೆಟ್ (ಗ್ರಾಫಿಕ್ಸ್‌ಗೆ ಸರಳ ಮೋಡ್ ಸಾಕು ಅನ್ನೋ ಸೂಚನೆ) ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಡೆಸ್ಕ್‌ಟಾಪ್ ಬಂದರೆ ಅಷ್ಟರಲ್ಲೇ ಡ್ರೈವರ್ ಮ್ಯಾನೇಜರ್ ತೆರೆದು ಸರಿಮಾಡಿಕೊಳ್ಳಿ.