ಪದ ಪರಿಚಯ: ಜೋಗಪ್ಪ

ಮಂಗಳವಾರ, ಶುಕ್ರವಾರ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮನೆ ಬಾಗಿಲಲ್ಲಿ ‘ಉಧೋ ಉಧೋ’ ಅಂತ ಕೂಗು ಕೇಳಿದರೆ ಒಳಗಿದ್ದವರು ಮೊರದಲ್ಲಿ ಜೋಳ ತರುತ್ತಾರೆ. ಹೊರಗೆ ಸೀರೆ ಉಟ್ಟು, ಪಡಲಗಿ ಅಂದರೆ ದೇವಿಯ ಬುಟ್ಟಿ ಹಿಡಿದು ನಿಂತವರು ಹಣೆಗೆ ಭಂಡಾರದ ಅರಿಶಿನ ಹಚ್ಚಿ ಮುಂದಿನ ಮನೆಗೆ ನಡೆಯುತ್ತಾರೆ. ಇದಕ್ಕೆ ಜೋಗ ಬೇಡುವುದು ಅಂತಾರೆ. ಹುಟ್ಟಿದಾಗ ಗಂಡು ಅಂತ ಎಣಿಸಿಕೊಂಡು, ಆಮೇಲೆ ಹೆಣ್ಣಾಗಿ ಬಾಳುತ್ತಾ ಯಲ್ಲಮ್ಮನ ಇಲ್ಲವೇ ಹುಲಿಗೆಮ್ಮನ ಸೇವೆಗೆ ನಿಂತವರು ಜೋಗಪ್ಪ. ಹೆಣ್ಣಾಗಿ ಹುಟ್ಟಿ ದೇವಿಗೆ ಬಿಟ್ಟವರು ಜೋಗತಿ. ಹಾಗಂತ ಗೆರೆ ಎಳೆದು ಕೂರಬೇಡಿ, ಜೋಗಪ್ಪಗಳಲ್ಲೂ ಎಷ್ಟೋ ಮಂದಿ ತಮ್ಮನ್ನು ಜೋಗತಿ ಅಂತಲೇ ಕರೆದುಕೊಳ್ಳುತ್ತಾರೆ.

ಜೋಗಪ್ಪ ಅಂದಕೂಡಲೇ ನಮಗೆ ದೇವರು ನೆನಪಾಗುತ್ತದೆ. ಊರು ಬಿಟ್ಟಿದ್ದು ನೆನಪಾಗುವುದಿಲ್ಲ. ಹುಡುಗನ ನಡೆ, ಮಾತು ಹೆಣ್ಣಿನಂತಿದ್ದರೆ, ತಲೆಗೂದಲು ತಾನಾಗೇ ಗಂಟುಬಿದ್ದು ಜಡೆಗಟ್ಟಿದರೆ, ಊರವರು ‘ಅಮ್ಮ ಹಿಡಿದಾಳ’ ಅನ್ನುತ್ತಾರೆ. ಆಮೇಲೆ ಹುಲಿಗೆಮ್ಮನ ಹುಲಿಗಿಗೋ ಯಲ್ಲಮ್ಮನ ಸವದತ್ತಿಗೋ ಕರೆದೊಯ್ಯುತ್ತಾರೆ. ಹುಲಿಗಿ ಇರುವುದು ಕೊಪ್ಪಳ ಜಿಲ್ಲೆಯಲ್ಲಿ, ಮುನಿರಾಬಾದ್ ಹತ್ತಿರ, ತುಂಗಭದ್ರೆಯ ದಂಡೆಗೆ. ಅಲ್ಲಿ ನೀರು ಹಾಕಿ, ಉಡಿದಾರ ಹರಿದು, ಬಳೆ ತೊಡಿಸಿ, ಸೀರೆ ಉಡಿಸಿ, ದೇವಿಗೆ ಬಿಟ್ಟ ಗುರುತಿಗೆ ಕೊರಳಿಗೆ ಮುತ್ತು ಕಟ್ಟುತ್ತಾರೆ. ಉಡಿದಾರ ಹರಿಯುವ ಹೊತ್ತಿಗೆ ಅಳುವ ತಾಯಂದಿರಿದ್ದಾರೆ. ಅವರ ಲೆಕ್ಕದಲ್ಲಿ ಅವತ್ತಿಗೆ ಮಗ ಹೋದ ಹಾಗೆ. ಮುತ್ತು ಕಟ್ಟಿಸಿಕೊಂಡವರು ಬಹಳ ಸಲ ಹುಟ್ಟಿದ ಮನೆಯಲ್ಲಿ ಉಳಿಯುವುದಿಲ್ಲ. ಇನ್ನೊಂದೂರಿನ ಗುರುವಿನ ಹತ್ತಿರ ಹೋಗುತ್ತಾರೆ. ಅಲ್ಲಿ ಗುರುವೇ ಅವ್ವ, ಶಿಷ್ಯೆಯರೇ ಮಕ್ಕಳು.

‘ಇದು ಭಕ್ತಿಯೋ, ಬದುಕೋಕೆ ಹೂಡಿದ ಉಪಾಯವೋ’ ಅಂತ ಕೆಲವರು ಕೆದಕುತ್ತಾರೆ. ಎರಡೂ ಯಾಕಾಗಬಾರದು? ಮನೆಯಲ್ಲಿ ಹೊಡೆತ ತಿನ್ನುತ್ತಿದ್ದ ಹುಡುಗನಿಗೆ ಮುತ್ತು ಕಟ್ಟಿದ ಮೇಲೆ ಊರೇ ಕೈ ಮುಗಿಯುತ್ತದೆ, ಅಲ್ವಾ? ಆದರೆ ಆ ಮರ್ಯಾದೆ ಜೋಗದ ದಿನಕ್ಕೆ ಮಾತ್ರ. ಅದೇ ಜೋಗಪ್ಪ ಪೇಟೆಯಲ್ಲಿ ಬಾಡಿಗೆಗೆ ಕೋಣೆ ಕೇಳಲಿ, ಆಗ ನೋಡಿ.

ಜೋಗಪ್ಪ, ಹಿಜ್ರಾ ಎರಡೂ ಒಂದೇ ಅಲ್ಲ. ಹಿಜ್ರಾಗಳಿಗೆ ತಮ್ಮದೇ ಮನೆತನ, ಗುರು-ಚೇಲಾ ಕಟ್ಟಳೆ ಇದೆ. ಹಲವರು ನಿರ್ವಾಣ, ಅಂದರೆ ಅಂಗಚ್ಛೇದ ಮಾಡಿಸಿಕೊಳ್ಳುತ್ತಾರೆ. ಜೋಗಪ್ಪಗಳ ಹಳೇ ಪದ್ಧತಿಯಲ್ಲಿ ಅದಿಲ್ಲ. ಆದರೆ ಹೊಟ್ಟೆಪಾಡು ಇವೆರಡನ್ನೂ ಬೆರೆಸಿಬಿಡುತ್ತದೆ. ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ಅಲ್ಲಿ ಹಮಾಮ್ ಇವೆ. ಹೆಸರಿಗೆ ಬಿಸಿನೀರಿನ ಸ್ನಾನದ ಮನೆ. ಊರು ಬಿಟ್ಟು ಬಂದವರಿಗೆ ಮಲಗುವ ಜಾಗವೂ ಅದೇ, ದುಡಿಮೆಯ ಜಾಗವೂ ಅದೇ. ಕೊರಳಲ್ಲಿ ಯಲ್ಲಮ್ಮನ ಮುತ್ತು ಇಟ್ಟುಕೊಂಡೇ ಹಿಜ್ರಾ ಗುರುವಿನ ಚೇಲಾ ಆದವರೂ ಇದ್ದಾರೆ.

ಅವರ ಕಲೆ ಹುಟ್ಟಿದ್ದೂ ತಿರುಗಾಟದಲ್ಲೇ. ಚೌಡಿಕೆ ಅಂದರೆ ತೊಗಲು ಬಿಗಿದ ಡಬ್ಬಕ್ಕೆ ಒಂದೇ ತಂತಿ ಕಟ್ಟಿದ ವಾದ್ಯ. ಕಂಕುಳಲ್ಲಿ ಇರುಕಿಕೊಂಡು ಮೀಟಿದರೆ ದನಿ ಒಮ್ಮೆ ಗುಂಯ್ ಅನ್ನುತ್ತದೆ, ಒಮ್ಮೆ ಕೊಂಕುತ್ತದೆ. ಆ ನಾದದ ಮೇಲೆ ರೇಣುಕೆ, ಜಮದಗ್ನಿ, ಪರಶುರಾಮರ ಕಥೆ ಪದವಾಗಿ ಹರಿಯುತ್ತದೆ. ಕುಣಿಯುವವರು ತಲೆ ಮೇಲೆ ದೇವಿಯ ಕೊಡ ಹೊತ್ತು, ಅದಕ್ಕೆ ಕೈ ಹಚ್ಚದೆ ಕೂರುತ್ತಾರೆ, ಏಳುತ್ತಾರೆ, ಗಿರಗಿರ ತಿರುಗುತ್ತಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಇದನ್ನು ಕಲಿತದ್ದು ಕಾಳವ್ವ ಜೋಗತಿ ಅವರಿಂದ. ಜೋಗದ ಕುಣಿತವನ್ನು ನಾಟಕದ ರಂಗಕ್ಕೂ ತಂದ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಬಾಗಿಲಲ್ಲಿ ಕಾಳು ಹಾಕಿ ಕಳಿಸುತ್ತಿದ್ದ ಜನ ಅದನ್ನೇ ಟಿಕೆಟ್ ತಗೊಂಡು ನೋಡುವ ಹಾಗಾಯಿತು.

ಕಾನೂನಿಗೂ ಈ ಪದ ಗೊತ್ತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಜೋಗಪ್ಪಗಳ ಹೆಸರಿದೆ. ಅವರ ಹಕ್ಕು ಕಾಯಲು ಬಂದ 2019ರ ಕಾಯ್ದೆಯಲ್ಲಿ ‘ಜೋಗ್ತಾ’ ಅಂತ ಬಂದಿದೆ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಮೀಸಲಾತಿ ಕೊಟ್ಟಿತು, ದೇಶದಲ್ಲಿ ಮೊದಲು. ತೊಡಕಿರುವುದು ಕಾಗದದಲ್ಲಿ. ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಅದಕ್ಕೆ ಆ ಜಿಲ್ಲೆಯಲ್ಲಿ ಸತತ 12 ತಿಂಗಳು ವಾಸ ಇರಬೇಕು ಅಂತ ಆ ಕಾಯ್ದೆಯ 2020ರ ನಿಯಮ ಹೇಳಿತು. ಜಾತ್ರೆಗೆ ಹುಲಿಗಿ, ಹುಣ್ಣಿಮೆಗೆ ಸವದತ್ತಿ, ಬರ ಬಿದ್ದರೆ ಬೆಂಗಳೂರು ಅಂತ ತಿರುಗುವವರು ಯಾವ ಜಿಲ್ಲೆಯ ವಿಳಾಸ ಬರೆಯಬೇಕು? ಹುಟ್ಟಿದ ಮನೆಯದ್ದು ಬರೆಯೋಣ ಅಂದರೆ, ಅಲ್ಲಿನ ರೇಷನ್ ಕಾರ್ಡಿನಿಂದ ಅವರ ಹೆಸರು ಯಾವತ್ತೋ ಹೋಗಿರುತ್ತದೆ.